ಸಂಕ್ಷೇಪಾಕ್ಷರಗಳ ಸಂಸಾರ

2012ನೆಯ ಇಸವಿಯ ಮೇ ತಿಂಗಳಿನಲ್ಲಿ, ಲಂಡನ್ ನಗರದಲ್ಲಿ, ವೃತ್ತಪತ್ರಿಕೆಗಳ ನಡವಳಿಕೆಯನ್ನು ಕುರಿತು ವಿಚಾರಣೆ ನಡೆಸುತ್ತಿದ್ದ ನ್ಯಾಯಮೂರ್ತಿ ಲೆವಿಸನ್ ಅವರ ಆಯೋಗದ ಮುಂದೆ ಸಾಕ್ಷ್ಯ ನುಡಿಯಲು ಬಂದ ಪತ್ರಿಕೋದ್ಯಮಿ ರೆಬೆಕಾ ಬ್ರೂಕ್ಸ್ ಅವರು, ಆಗಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ತಮಗೆ ಕಳುಹಿಸುತ್ತಿದ್ದ ಮೊಬೈಲ್ ಸಂದೇಶಗಳ ಕೊನೆಯಲ್ಲಿ ಸಾಮಾನ್ಯವಾಗಿ ತಮ್ಮ ಹೆಸರಿನ ಆದ್ಯಕ್ಷರಗಳನ್ನೂ ಒಮ್ಮೊಮ್ಮೆ ‘ಎಲ್‌ಓಎಲ್’ ಎಂಬ ಮೂರಕ್ಷರಗಳನ್ನೂ ಬರೆಯುತ್ತಿದ್ದರೆಂದೂ, ಅದನ್ನು ಅವರು ‘ಲಾಟ್ಸ್ ಆಫ್ ಲವ್’, ಅರ್ಥಾತ್ ‘ಬಹಳ ಪ್ರೀತಿಯಿಂದ’, ಎಂದು ಭಾವಿಸಿದ್ದರೆಂದೂ, ಲೋಕದಲ್ಲಿ ಅದಕ್ಕೆ ‘ಲಾಫಿಂಗ್ ಔಟ್ ಲೌಡ್’, ಅಂದರೆ ‘ಗಟ್ಟಿಯಾಗಿ ನಗುತ್ತಿದ್ದೇನೆ’, ಎಂಬ ಅರ್ಥವಿದೆಯೆಂದು ತಾವು ತಿಳಿಸಿದಮೇಲೆ ಹಾಗೆ ಬರೆಯುವುದನ್ನು ಬಿಟ್ಟರೆಂದೂ ಪ್ರಮಾಣಪೂರ್ವಕವಾಗಿ ಹೇಳಿದರು. ದೇಶವೊಂದರ ಪ್ರಧಾನ ಮಂತ್ರಿಯ ಪ್ರೀತಿಯೂ ನಗೆಯೂ ಹೀಗೆ ಒಂದೇ ಮೂರಕ್ಷರದೊಳಗೆ ತಳುಕು ಹಾಕಿಕೊಂಡು ವಿಚಾರಣಾ ಆಯೋಗದ ಕಡತವನ್ನು ಸೇರಿದ್ದು ಅದಕ್ಕೆ ಮುಂಚೆ ನಡೆದಿರಲಾರದು.

ಅಕ್ಷರಗಳ ಮಟ್ಟಿಗೆ ನೋಡಿದರೆ ಪ್ರಧಾನಿಯವರ ಊಹೆಯಲ್ಲಿ ದೋಷವೇನೂ ಇರಲಿಲ್ಲ. ‘ಬಹಳ ಪ್ರೀತಿ’ಯ ಇಂಗ್ಲಿಷ್ ಮಾತುಗಳ ಆದ್ಯಕ್ಷರಗಳೂ ಅವೇ, 1960ರ ದಶಕದಲ್ಲಿ ಅದೇ ಅಕ್ಷರಗಳು ‘ಲಿಟಲ್ ಓಲ್ಡ್ ಲೇಡಿ’, ಮುದುಕಮ್ಮ, ಎಂಬ ಅರ್ಥದಲ್ಲಿ ಚಲಾವಣೆಯಲ್ಲಿದ್ದವು, ಡಚ್ಚರ ನುಡಿಯಲ್ಲಿ ‘ಲೋಲ್’ ಎಂಬ ಸ್ವತಂತ್ರ ಶಬ್ದಕ್ಕೆ ಮೋಜು ಎಂದೂ, ವೆಲ್ಷ್ ನುಡಿಯಲ್ಲಿ ಹುರುಳಿಲ್ಲದ ಮಾತು ಎಂದೂ ಅರ್ಥವುಂಟು. ಅಂತರ್ಜಾಲದ ಬರವಣಿಗೆಯಲ್ಲಿ ಕಾಣಬರುವ ಇಂಥ ಅಕ್ಷರಗುಚ್ಛಗಳನ್ನು ಬಿಡಿಸಿ ತೋರಿಸುವ ಪಟ್ಟಿಗಳು ಈಗ ಹೇರಳವಾಗಿ ಸಿಗುತ್ತವೆ. ಮೊಮ್ಮಕ್ಕಳ ಸಂದೇಶಗಳ ಮುಂದೆ ಕಂಗಾಲಾದ ಹಿರಿಯರು ಅವನ್ನು ಆಶ್ರಯಿಸುವುದೂ ಉಂಟು. ಆದರೆ ಪಟ್ಟಿಯನ್ನು ಆಮೂಲಾಗ್ರವಾಗಿ ಬಾಯಿಪಾಠ ಮಾಡಿದವನೂ ಕ್ಯಾಮರಾನರಂತೆ ಎಡವಬಲ್ಲನು; ಏಕೆಂದರೆ ಯಾರು ಯಾರಿಗೆ ಬರೆಯುತ್ತಿದ್ದಾರೆ, ಎಷ್ಟು ಸಲಿಗೆಯಿಂದ, ಯಾವ ಮುಖಭಾವದಿಂದ ಎಂಬ ಸಂಗತಿಯೇ ಇಲ್ಲಿ ಅರ್ಥದ ಬಹುಭಾಗವಾಗಿದ್ದು, ಅದನ್ನು ಯಾವ ಪಟ್ಟಿಯೂ ಹೇಳಿಕೊಡಲಾರದು.

ಇದು ನಮಗೆ ಅಪರಿಚಿತವಾದ ವ್ಯವಹಾರವೇನಲ್ಲ. ನಮ್ಮ ಹಿರಿಯರ ಹಳೆಯ ಕಾಗದಗಳನ್ನು ಬಿಚ್ಚಿದರೆ ಮೊದಲ ಸಾಲಿನಲ್ಲಿಯೇ ‘ಮ|| ರಾ|| ರಾ|| ಶ್ರೀ||’ ಎಂಬ ದಂಡಸಹಿತವಾದ ಅಕ್ಷರಪಂಕ್ತಿ, ಮಹಾರಾಜರಾಜಶ್ರೀ ಎಂಬ ಘನವಾದ ಬಿರುದು, ಹಳ್ಳಿಯ ಪಟೇಲರದೋ ಶಾನುಭೋಗರದೋ ಹೆಸರಿನ ಮುಂದೆ ನಿಂತಿರುವುದು ಕಾಣುತ್ತದೆ. ತಂದೆಗೆ ‘ತೀ|| ರೂ||’ ಎಂದೂ, ಮಗನಿಗೆ ‘ಚಿ|| ರಾ||’ ಎಂದೂ, ಮುತ್ತೈದೆಗೆ ‘ಸೌ||’ ಎಂದೂ, ವೈದಿಕರಿಗೆ ‘ವೇ|| ಮೂ||’ ಎಂದೂ, ಗತಿಸಿದವರಿಗೆ ‘ದಿ||’ ಎಂದೂ, ಅವರು ವೀರಶೈವ ಮನೆತನದವರಾದರೆ ‘ಲಿಂ||’ ಎಂದೂ ಬರೆಯುವುದು ಕೈಗೆ ಹತ್ತಿದ ಶಿಷ್ಟಾಚಾರವಾಗಿತ್ತು. ಇವು ಮಸಿಯ ಅಥವಾ ಬೆರಳಿನ ಉಳಿತಾಯಕ್ಕಾಗಿ ಹುಟ್ಟಿದವೆಂದು ಹೇಳಲಾಗದು. ಉಳಿತಾಯವೇ ಬೇಕೆನ್ನುವವನು ಬಿರುದನ್ನೇ ಬಿಟ್ಟುಬಿಡಬಹುದಾಗಿತ್ತು. ಬರೆದವನು ಎಲ್ಲಿ ನಿಂತು ಯಾರ ಕಡೆಗೆ ನೋಡುತ್ತಿದ್ದಾನೆ, ತಲೆಯೆತ್ತಿಯೋ ತಲೆಬಾಗಿಯೋ, ಎಂಬುದನ್ನು ಎರಡಕ್ಷರದಲ್ಲಿ ಸೂಚಿಸುವುದು ಅವುಗಳ ಕೆಲಸ. ಅದನ್ನು ಬಿಡಿಸಿ ಓದುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ‘ಮ|| ರಾ||’ ಎಂದು ಕರೆಸಿಕೊಂಡವನು ತಾನು ಮಹಾರಾಜನೆಂದು ಭ್ರಮಿಸಿದ್ದೂ ಇಲ್ಲ. ಪತ್ರದಲ್ಲಿ ಈ ಅಕ್ಷರಗಳು ಇಲ್ಲದೆಹೋದರೆ ಮಾತ್ರ, ಏಕೆ ಇಲ್ಲ ಎಂಬ ಪ್ರಶ್ನೆ ಏಳುತ್ತಿತ್ತು.

ಇಂಗ್ಲೆಂಡಿನಲ್ಲಿಯೂ ಮಾನಮರ್ಯಾದೆಗಳ ಆದ್ಯಕ್ಷರಗಳು ಹೆಸರಿನ ಬೆನ್ನಿಗೆ ಬಾಲದಂತೆ ಅಂಟಿಕೊಳ್ಳುತ್ತವೆ. ನೌಕಾಪಡೆಯ ಪರಮಾಧಿಕಾರದಿಂದ ನಿವೃತ್ತನಾಗಿದ್ದ 76 ವರ್ಷದ ಲಾರ್ಡ್ ಫಿಷರ್, ಮೊದಲನೆಯ ಮಹಾಯುದ್ಧದ ನಡುವೆ, 1917ರ ಸೆಪ್ಟೆಂಬರ್ 9ರಂದು ವಿನ್‌ಸ್ಟನ್ ಚರ್ಚಿಲ್ಲನಿಗೆ ಬರೆದ ಪತ್ರದಲ್ಲಿ, ಸರ್ಕಾರವು ಹೊಸದೊಂದು ಪ್ರಶಸ್ತಿಶ್ರೇಣಿಯನ್ನು ಸ್ಥಾಪಿಸಲಿದೆಯೆಂಬ ಸುದ್ದಿಯನ್ನು ಗೇಲಿಮಾಡುತ್ತ, ಅದಕ್ಕೆ ‘ಓ.ಎಂ.ಜಿ.’ ಎಂದು ಹೆಸರಿಟ್ಟು, ಕಂಸದೊಳಗೆ ‘ಓ ಮೈ ಗಾಡ್’ ಎಂದು ತಾನೇ ಬಿಡಿಸಿ ಬರೆದನು. ಇಂದು ಶಾಲೆಯ ಹುಡುಗಿಯರ ಬಾಯಲ್ಲಿ ನಲಿದಾಡುವ ಆ ಮೂರಕ್ಷರಗಳಿಗೆ ಆಕ್ಸ್‌ಫರ್ಡ್ ನಿಘಂಟು 2011ರಲ್ಲಿ ಸ್ಥಾನಕೊಟ್ಟಾಗ, ಪ್ರಾಚೀನತಮ ಪ್ರಯೋಗವೆಂದು ಉದಾಹರಿಸಿದ್ದು ಈ ಮುದುಕ ಅಡ್ಮಿರಲನ ಪತ್ರವನ್ನೇ. ಬಿರುದುಗಳನ್ನು ಸಂಕ್ಷೇಪಿಸುವ ಗಂಭೀರ ಪದ್ಧತಿಯನ್ನೇ ಅಣಕಿಸುವುದಕ್ಕೆ ಹುಟ್ಟಿದ ಸಂಕ್ಷೇಪವಿದು. ಫಿಷರನ ಅಕ್ಷರಗಳಿಂದ ಇಂದಿನವು ನೇರವಾಗಿ ಇಳಿದುಬಂದವೆಂದು ತಿಳಿಯಬಾರದು. ಒಂದೇ ಚೇಷ್ಟೆ ಎರಡು ಕಾಲದಲ್ಲಿ ಎರಡು ತಲೆಗಳಿಗೆ ಹೊಳೆದಿರಬಹುದು.

ಚೇಷ್ಟೆಯ ವಂಶಾವಳಿ ಇನ್ನೂ ಹಿಂದಕ್ಕೆ ಹೋಗುತ್ತದೆ. ಭೂಮಂಡಲದಲ್ಲಿ ಬಹುಶಃ ಅತ್ಯಧಿಕವಾಗಿ ಉಚ್ಚರಿತವಾಗುವ ‘ಓಕೆ’ ಎಂಬ ಶಬ್ದವು ಅಮೆರಿಕದ ಬಾಸ್ಟನ್ ನಗರದ ಪತ್ರಿಕೆಯೊಂದರಲ್ಲಿ 1839ರ ಮಾರ್ಚ್ 23ರಂದು ಮೊದಲು ಕಾಣಿಸಿಕೊಂಡಿತೆಂದು ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸನು 1960ರ ದಶಕದಲ್ಲಿ ಹಳೆಯ ಪತ್ರಿಕೆಗಳನ್ನು ಜಾಲಾಡಿ ಸ್ಥಾಪಿಸಿದನು. ಆ ಕಾಲದ ಬಾಸ್ಟನ್ನಿನ ಪತ್ರಿಕಾಕರ್ತರಿಗೆ ಸಂಕ್ಷೇಪಗಳ ಹುಚ್ಚು ಹಿಡಿದಿತ್ತು. ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ಕಾಗುಣಿತ ಕೆಡಿಸಿ ‘ಓಲ್ ಕೊರೆಕ್ಟ್’ ಎಂದು ಬರೆದು, ಆ ಕೆಟ್ಟ ಕಾಗುಣಿತದಿಂದ ಆದ್ಯಕ್ಷರಗಳನ್ನು ಆರಿಸಿಕೊಳ್ಳುವುದು ಅವರ ವಿನೋದ. ಮರುವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಮಾರ್ಟಿನ್ ವ್ಯಾನ್ ಬ್ಯೂರೆನ್ನನ ಬೆಂಬಲಿಗರು, ಅವನ ಹುಟ್ಟೂರು ಕಿಂಡರ್‌ಹುಕ್ ಆದಕಾರಣ, ‘ಓಲ್ಡ್ ಕಿಂಡರ್‌ಹುಕ್’ ಎಂಬ ಅಡ್ಡಹೆಸರಿನ ನೆಪದಲ್ಲಿ ಅದೇ ಎರಡಕ್ಷರಗಳನ್ನು ಘೋಷಣೆಯಾಗಿಸಿಕೊಂಡರು. ಅಭ್ಯರ್ಥಿ ಸೋತನು, ಘೋಷಣೆ ಗೆದ್ದಿತು. ಅಂದಿನ ಉಳಿದ ಸಂಕ್ಷೇಪಗಳು ಬಹುಮಟ್ಟಿಗೆ ಕಾಲವಶವಾದವು. ಒಂದು ಕುಚೋದ್ಯದ ಅಪಭ್ರಂಶವು ನಮ್ಮ ಹಳ್ಳಿಯ ಸಂತೆಯಲ್ಲಿ ‘ಓಕೆನಾ?’ ಎಂಬ ಪ್ರಶ್ನೆಯಾಗಿ ಎಮ್ಮೆಯ ವ್ಯಾಪಾರವನ್ನು ಕುದುರಿಸುತ್ತಿರುವುದನ್ನು ಆ ಬಾಸ್ಟನ್ನಿಗರು ಕಂಡಿದ್ದರೆ ಏನೆನ್ನುತ್ತಿದ್ದರೋ.

ಮಿತವ್ಯಯದಿಂದ ಹುಟ್ಟಿದ ಸಂಕ್ಷೇಪಗಳು ಇರಲೇ ಇಲ್ಲವೆಂದು ಇದರಿಂದ ಅರ್ಥವಾಗಬಾರದು. ತಂತಿಯ ವಾರ್ತೆಯಲ್ಲಿ ಪದಕ್ಕಿಷ್ಟು ಹಣ ತೆರಬೇಕಾಗಿದ್ದುದರಿಂದ ಬರಹಗಾರನ ಕೈ ತಾನಾಗಿಯೇ ಬಿಗಿಯಾಗುತ್ತಿತ್ತು. 1879ರಲ್ಲಿ ವಾಲ್ಟರ್ ಫಿಲಿಪ್ಸ್ ಎಂಬ ಅಮೆರಿಕನ್ ಸುದ್ದಿಗಾರನು ಪ್ರಕಟಿಸಿದ ತಂತಿ ಸಂಕೇತಕೋಶದಿಂದ ಬಂದ ‘ಸ್ಕೋಟಸ್’ ಎಂಬ, ಸುಪ್ರೀಮ್ ಕೋರ್ಟನ್ನು ಸೂಚಿಸುವ ಸಂಕ್ಷೇಪವು ಇಂದಿಗೂ ಆ ದೇಶದ ಪತ್ರಿಕೆಗಳಲ್ಲಿ ಜೀವಂತವಾಗಿದೆ. ನಮ್ಮ ದೇಶದ ತಂತಿ ಕಚೇರಿಗಳಲ್ಲಿಯೂ ಹಬ್ಬ, ಮದುವೆ, ಪರೀಕ್ಷೆಯ ತೇರ್ಗಡೆ ಮೊದಲಾದ ಸಂದರ್ಭಗಳಿಗೆ ಸಿದ್ಧವಾದ ಶುಭಾಶಯ ವಾಕ್ಯಗಳನ್ನು ಅಂಕೆ ಹಾಕಿ ತೂಗುಹಾಕಿದ್ದರು; ಕಳುಹಿಸುವವನು ಅಂಕೆಯನ್ನಷ್ಟೇ ಬರೆದುಕೊಟ್ಟರೆ, ಪಡೆಯುವವನ ಕೈಗೆ ಇಡೀ ವಾಕ್ಯ ತಲಪುತ್ತಿತ್ತು. ವಧೂವರರಿಗೆ ಹರಸಿದವನು ನಿಜವಾಗಿ ಬರೆದದ್ದು ಒಂದು ಸಂಖ್ಯೆಯನ್ನು ಮಾತ್ರ! 2013ರ ಜುಲೈ ನಡುಭಾಗದಲ್ಲಿ ಆ ಸೇವೆ ನಿಂತುಹೋಯಿತು. ಅಷ್ಟರಲ್ಲಿ ಅದರ ಮಿತವ್ಯಯವನ್ನು ಬೇರೊಂದು ಯಂತ್ರ ವಹಿಸಿಕೊಂಡಾಗಿತ್ತು.

ಮೊಬೈಲ್ ಫೋನಿನ ಕಿರುಸಂದೇಶ, ಜನರು ಎಸ್ಸೆಮ್ಮೆಸ್ ಎಂದು ಕರೆದದ್ದು, 160 ಅಕ್ಷರಗಳ ಪಂಜರದೊಳಗೆ ಹುಟ್ಟಿತು. 1985ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ದೂರಸಂಪರ್ಕ ತಜ್ಞನು ತನ್ನ ಬೆರಳಚ್ಚು ಯಂತ್ರದಲ್ಲಿ ಮನಸ್ಸಿಗೆ ಬಂದ ವಾಕ್ಯಗಳನ್ನೂ ಪ್ರಶ್ನೆಗಳನ್ನೂ ಹೊಡೆದು, ಅಕ್ಷರ ಎಣಿಸಿ, ಬಹುತೇಕ ಮಾತುಗಳು ಅಷ್ಟರೊಳಗೆ ಮುಗಿಯುತ್ತವೆಂದು ಕಂಡುಕೊಂಡನೆಂದು ಹೇಳುತ್ತಾರೆ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಯುವಕ ಎಂಜಿನಿಯರ್ ಕ್ರಿಸ್‌ಮಸ್ ಶುಭಾಶಯದ ಎರಡು ಪದಗಳನ್ನು ಗಣಕದಿಂದ ಫೋನಿಗೆ ರವಾನಿಸಿದ್ದು ಮೊದಲನೆಯ ಸಂದೇಶ. ಈ 160ರ ಲೆಕ್ಕದಲ್ಲಿ ನಮಗೆ ಸಂಬಂಧಪಟ್ಟ ಒಂದು ಕಹಿಯಾದ ಸೂಕ್ಷ್ಮವಿದೆ. ಸಂದೇಶಕ್ಕೆ ಮೀಸಲಾದ ಜಾಗ 140 ಬೈಟು, ಅಂದರೆ 1120 ಬಿಟ್ಟು. ರೋಮನ್ ಲಿಪಿಯ ಒಂದಕ್ಷರಕ್ಕೆ 7 ಬಿಟ್ಟು ಸಾಕಾದ್ದರಿಂದ ಅಂಥ ಅಕ್ಷರಗಳು 160 ಹಿಡಿಸುತ್ತವೆ. ಕನ್ನಡದ ಪ್ರತಿಯೊಂದು ಚಿಹ್ನೆಗೂ 16 ಬಿಟ್ಟು ಬೇಕಾದ್ದರಿಂದ ಹಿಡಿಸುವುದು 70 ಮಾತ್ರ. ಆ ಎಪ್ಪತ್ತಾದರೂ ಕಣ್ಣಿಗೆ ಕಾಣುವ ಅಕ್ಷರಗಳ ಲೆಕ್ಕವಲ್ಲ. ‘ಸ್ತ್ರೀ’ ಎಂಬುದು ನಮಗೆ ಒಂದಕ್ಷರ. ಯಂತ್ರಕ್ಕೆ ಮೂರು ವ್ಯಂಜನ, ಎರಡು ಹಲಂತಚಿಹ್ನೆ, ಒಂದು ದೀರ್ಘಸ್ವರ ಸೇರಿ 6. ‘ದೀಪಾವಳಿಯ ಹಾರ್ದಿಕ ಶುಭಾಶಯಗಳು’ ಎಂದು ಬರೆಯುವಷ್ಟರಲ್ಲಿ 26 ಖರ್ಚಾಗಿ, ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ಸ್ಥಳ ಮುಗಿದಿರುತ್ತಿತ್ತು. ಎಪ್ಪತ್ತು ದಾಟಿದರೆ ಎರಡು ಸಂದೇಶಗಳ ಹಣ. ಹಬ್ಬದ ದಿನಗಳಲ್ಲಿಯಂತೂ ರಿಯಾಯಿತಿಯ ದರ ನಡೆಯುವುದಿಲ್ಲವೆಂಬ ಕಂಪನಿಗಳ ಕಟ್ಟಳೆ. ಇಷ್ಟನ್ನೂ ತೆತ್ತು ಕಳುಹಿಸಿದ ಕನ್ನಡವು ಎದುರಿನವರ ಫೋನಿನಲ್ಲಿ ಕನ್ನಡದ ಅಕ್ಷರಗಳಿಲ್ಲದೆ ಖಾಲಿ ಚೌಕಗಳ ಸಾಲಾಗಿ ಮೂಡುವುದೂ ಇತ್ತು.

ಆದಕಾರಣ ನಮ್ಮವರು ಕನ್ನಡದ ಮಾತನ್ನು ರೋಮನ್ ಲಿಪಿಯಲ್ಲಿ ಬರೆಯತೊಡಗಿದರು. ಆ ಲಿಪಿಯಲ್ಲಿ ಬರೆಯುವಾಗ ಅದರ ಸಂಕ್ಷೇಪಗಳೂ ಜೊತೆಗೆ ಬಂದವು. ‘ಎಸ್’ ಎಂಬ ಒಂದಕ್ಷರಕ್ಕಾಗಿ ಏಳನೆಯ ಗುಂಡಿಯನ್ನು ನಾಲ್ಕು ಸಾರಿ ಒತ್ತಬೇಕಾಗಿದ್ದ ಕಾಲದಲ್ಲಿ, ‘ಗುಡ್ ಮಾರ್ನಿಂಗ್’ ‘ಜಿಎಂ’ ಆದದ್ದನ್ನೂ, ‘ಹ್ಯಾಪಿ ಬರ್ತ್‌ಡೇ’ ‘ಎಚ್‌ಬಿಡಿ’ ಆದದ್ದನ್ನೂ ಸೋಮಾರಿತನವೆಂದು ಜರೆದವರು ಆ ಗುಂಡಿಗಳನ್ನು ಒತ್ತಿ ನೋಡಿದವರಲ್ಲ.

ಆದರೆ ಇಂದು ಗುಂಡಿಗಳಿಲ್ಲ, ಎಪ್ಪತ್ತರ ಕಟ್ಟುಪಾಡಿಲ್ಲ, ಅಕ್ಷರಕ್ಕೆ ಹಣವಿಲ್ಲ. ಎರಡಕ್ಷರ ಒತ್ತುವಷ್ಟರಲ್ಲಿ ಇಡೀ ಪದವನ್ನು ಯಂತ್ರವೇ ಮುಂದಿಡುತ್ತದೆ. ಉಳಿತಾಯವೇ ಕಾರಣವಾಗಿದ್ದರೆ ಸಂಕ್ಷೇಪಗಳು ಇಷ್ಟು ಹೊತ್ತಿಗೆ ಅಳಿಯಬೇಕಾಗಿತ್ತು. ಅಳಿಯಲಿಲ್ಲ, ಹೆಚ್ಚಿದವು. ಕಾರಣವನ್ನು ಅವು ಬೆಳೆದ ನೆಲದಲ್ಲಿ ಹುಡುಕಬೇಕು. 1980ರ ದಶಕದಲ್ಲಿ, ದೂರವಾಣಿಯ ತಂತಿಗೆ ಗಣಕಗಳನ್ನು ಜೋಡಿಸಿಕೊಂಡು ರಾತ್ರಿಯೆಲ್ಲ ಹರಟುತ್ತಿದ್ದ ಹವ್ಯಾಸಿಗಳೂ, 1988ರಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾನಿಲಯದಲ್ಲಿ ಯಾರ್ಕೊ ಒಯ್ಕರಿನೆನ್ ರಚಿಸಿದ ಸಂಭಾಷಣಾ ವ್ಯವಸ್ಥೆಯಲ್ಲಿ ಸೇರುತ್ತಿದ್ದವರೂ, ಲೋಕವು ಅದುವರೆಗೆ ಅಷ್ಟಾಗಿ ಕಾಣದಿದ್ದ ಒಂದು ಸನ್ನಿವೇಶದಲ್ಲಿದ್ದರು: ಮಾತಿನ ವೇಗದಲ್ಲಿ, ಮಾತಿನಂತೆಯೇ ಸರದಿಯಿಂದ, ಆದರೆ ಬರಹದಲ್ಲಿ ಸಂವಾದಿಸುವುದು. ಮಾತಿನಲ್ಲಿದ್ದು ಬರಹದಲ್ಲಿ ಇಲ್ಲದ ಸಂಗತಿಗಳು, ಮುಗುಳುನಗೆ, ಹುಬ್ಬೇರಿಸುವುದು, ತಲೆಯಾಡಿಸುವುದು, ಎದ್ದು ಒಳಗೆ ಹೋಗಿ ಬರುವುದು, ಇವೆಲ್ಲಕ್ಕೂ ಅಕ್ಷರರೂಪ ಬೇಕಾಯಿತು. ‘ಎಲ್‌ಓಎಲ್’ ನಕ್ಕದ್ದಕ್ಕೆ, ‘ರೋಫಲ್’ ನೆಲದ ಮೇಲೆ ಹೊರಳಾಡಿ ನಕ್ಕದ್ದಕ್ಕೆ, ‘ಎಸ್‌ಎಂಎಚ್’ ಬೇಸರದಿಂದ ತಲೆಯಾಡಿಸಿದ್ದಕ್ಕೆ, ‘ಬಿಆರ್‌ಬಿ’ ಈಗ ಬರುತ್ತೇನೆಂದು ಎದ್ದುಹೋದದ್ದಕ್ಕೆ, ‘ಎಎಫ್‌ಕೆ’ ಕೀಲಿಮಣೆಯ ಬಳಿ ಇಲ್ಲದಿರುವುದಕ್ಕೆ. ವಾದ ಮಾಡುವಾಗ ಕೈಮುಗಿದು ಮಾತನಾಡುವವರಿಗೆ ‘ಐಎಂಎಚ್‌ಓ’ ಇತ್ತು, ನನ್ನ ವಿನಮ್ರ ಅಭಿಪ್ರಾಯದಲ್ಲಿ ಎಂದು. ‘ಎಎಫ್‌ಎಐಕೆ’, ನಾನು ತಿಳಿದಮಟ್ಟಿಗೆ ಎಂದು. ಆ ವಿನಮ್ರತೆಯ ಅಕ್ಷರಗಳ ಹಿಂದೆ ಬರುವ ಅಭಿಪ್ರಾಯ ಅನೇಕವೇಳೆ ಒಂದಿಷ್ಟೂ ವಿನಮ್ರವಾಗಿರುವುದಿಲ್ಲವೆಂಬುದು ಬೇರೆ ಮಾತು. ಬೇಸರಪಟ್ಟವರಿಗೆ ‘ಟಿಎಲ್‌ಡಿಆರ್’ ಉಂಟು: ಬಹಳ ಉದ್ದವಾಯಿತು, ಓದಲಿಲ್ಲ. (ಈ ಲೇಖನಕ್ಕೂ ಅದು ಸಲ್ಲಬಹುದು.)

‘ಎಲ್‌ಓಎಲ್’ ಪಟ್ಟಿಯೊಂದರಲ್ಲಿ ಕಾಣಿಸಿಕೊಂಡ ಅತಿ ಹಳೆಯ ನಿದರ್ಶನವೆಂದು 1989ರ ಮೇ ತಿಂಗಳಿನ ‘ಫಿಡೋನ್ಯೂಸ್’ ಎಂಬ ಗಣಕಪತ್ರಿಕೆಯನ್ನು ತೋರಿಸುತ್ತಾರೆ. ಅಂದು ಅದರ ಅರ್ಥ ನಗೆಯೇ. ಕಾಲಕ್ರಮದಲ್ಲಿ ನಗೆ ಅದರಿಂದ ಸೋರಿಹೋಯಿತು. ಅಮೆರಿಕದ ಭಾಷಾವಿಜ್ಞಾನಿ ಜಾನ್ ಮ್ಯಾಕ್‌ವೋರ್ಟರ್ 2013ರ ಭಾಷಣವೊಂದರಲ್ಲಿ ವಿವರಿಸಿದಂತೆ, ಯುವಜನರ ಸಂದೇಶಗಳಲ್ಲಿ ಆ ಅಕ್ಷರಗಳು ಬರುವ ಎಡೆಗಳನ್ನು ನೋಡಿದರೆ ಅಲ್ಲಿ ನಗತಕ್ಕ ಸಂಗತಿಯೇ ಇರುವುದಿಲ್ಲ. ಬಸ್ಸು ತಪ್ಪಿತು ಎಂದಾದಮೇಲೂ ‘ಎಲ್‌ಓಎಲ್’, ರಾತ್ರಿಯೆಲ್ಲ ಓದಬೇಕು ಎಂದಾದಮೇಲೂ ‘ಎಲ್‌ಓಎಲ್’. ನಾವು ನಾವೇ ಅಲ್ಲವೆ, ನನ್ನ ಪಾಡು ನಿನಗೆ ಗೊತ್ತಲ್ಲವೆ ಎಂಬ ಆತ್ಮೀಯತೆಯನ್ನು ಸೂಚಿಸುವ ಒಂದು ಅವ್ಯಯವಾಗಿ ಅದು ಪರಿಣಮಿಸಿದೆಯೆಂಬುದು ಅವರ ನಿರೂಪಣೆ. ಇಂಗ್ಲಿಷಿನವರಿಗೆ ಇದು ಭಾಷಣ ಮಾಡಿ ತಿಳಿಸಬೇಕಾದ ಸಂಗತಿ. ಕನ್ನಡಿಗನಿಗೆ ಅದನ್ನು ತಿಳಿಯಲು ಯಾವ ಆಯಾಸವೂ ಇರಬಾರದು. ‘ಬಸ್ಸು ತಪ್ಪಿಹೋಯ್ತು ಮಾರಾಯ’ ಎಂದು ಕರಾವಳಿ ಮಲೆನಾಡುಗಳವನು ಹೇಳುವಾಗ, ‘ತಪ್ಪಿಹೋಯ್ತು ಕಣೋ’ ಎಂದು ಮೈಸೂರಿನವನು ಹೇಳುವಾಗ, ಆ ಕೊನೆಯ ತುಣುಕಿನ ಕೆಲಸ ಏನೋ, ಅದೇ ಇದರ ಕೆಲಸ. ‘ಮಾರಾಯ’ನನ್ನು ಬಿಡಿಸಿ ನೋಡಿದರೆ ಅಲ್ಲಿಯೂ ಮಹಾರಾಜನಿದ್ದಾನೆ, ಅವನನ್ನು ಉದ್ದೇಶಿಸಿ ಯಾರೂ ಮಾತನಾಡುತ್ತಿಲ್ಲ.

ನನಗೆ ತೋರುವ ಮಟ್ಟಿಗೆ, ಅಂತರ್ಜಾಲದ ಇಂಗ್ಲಿಷ್ ಸಂಕ್ಷೇಪಗಳಲ್ಲಿ ಮುಖ್ಯವಾದವು ಬಹುಪಾಲು ಇಂಥ ಅವ್ಯಯಗಳೇ. ಆ ಭಾಷೆಯಲ್ಲಿ ಕೊರತೆಯಾಗಿದ್ದ ಒಂದು ವರ್ಗದ ಶಬ್ದಗಳನ್ನು ಕೀಲಿಮಣೆಯ ಬಳಕೆದಾರರು ಅಕ್ಷರ ಪೋಣಿಸಿ ಕಟ್ಟಿಕೊಂಡಂತಿದೆ. ಕನ್ನಡದಲ್ಲಿ ಆ ವರ್ಗಕ್ಕೆ ಎಂದೂ ಕ್ಷಾಮವಿರಲಿಲ್ಲ. ಹಳಗನ್ನಡದಲ್ಲಿ ‘ಗಡ’, ‘ದಲ್’, ‘ವಲಂ’ ಎಂಬ ಪುಟ್ಟ ಶಬ್ದಗಳಿದ್ದವು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅವ್ಯಯಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಇಂದಿನ ಆಡುಮಾತಿನಲ್ಲಿ ‘ಅಂತೆ’ ಎಂಬ ಒಂದು ತುಣುಕನ್ನು ಕ್ರಿಯಾಪದಕ್ಕೆ ಅಂಟಿಸಿ, ‘ಅವನು ಬಂದನಂತೆ’ ಎಂದರೆ, ಈ ಸಂಗತಿಯನ್ನು ನಾನು ಕಂಡಿಲ್ಲ, ಕೇಳಿಬಲ್ಲೆ, ಇದಕ್ಕೆ ನಾನು ಹೊಣೆಯಲ್ಲ ಎಂಬ ಮೂರು ಎಚ್ಚರಿಕೆಗಳೂ ಅದರಲ್ಲಿ ಅಡಗುತ್ತವೆ. ‘ಐಎಂಎಚ್‌ಓ’ ಬೇಕಾದಲ್ಲಿ ‘ಅನ್ಸುತ್ತೆ’ ಇದೆ. ‘ಓಎಂಜಿ’ ಬೇಕಾದಲ್ಲಿ ‘ಅಯ್ಯೋ’, ‘ಅಬ್ಬಾ’, ‘ಅಯ್ಯಯ್ಯಪ್ಪಾ’ ಎಂಬ ಮೇಲೇರುವ ಶ್ರೇಣಿಯೇ ಇದೆ. ಧಾರವಾಡದ ‘ರೀ’ ಒಂದಕ್ಷರದಲ್ಲಿ ಗೌರವ, ಆತ್ಮೀಯತೆ, ಆಕ್ಷೇಪಣೆ ಯಾವುದನ್ನಾದರೂ ಸೂಚಿಸಬಲ್ಲುದು. ‘ಬಿಆರ್‌ಬಿ’ಗೆ ಸಮನಾದದ್ದು ನಮ್ಮಲ್ಲಿ ‘ಬಂದೆ’. ಇನ್ನೂ ಹೋಗಿಯೇ ಇಲ್ಲದವನು ಆಗಲೇ ಬಂದುಬಿಟ್ಟನೆಂದು ಭೂತಕಾಲದಲ್ಲಿ ಆಶ್ವಾಸನೆ ಕೊಡುವ ಈ ಎರಡಕ್ಷರ ಇಂಗ್ಲಿಷಿನ ಮೂರಕ್ಕಿಂತ ಚಿಕ್ಕದು, ಮತ್ತು ಅಷ್ಟೇ ನಂಬಲಾಗದ್ದು.

ಹಾಗಾದರೆ ಕನ್ನಡದ ವಾಕ್ಯಗಳಿಂದಲೇ ಆದ್ಯಕ್ಷರಗಳನ್ನೆತ್ತಿ ಸಂಕ್ಷೇಪಗಳನ್ನು ಮಾಡಿಕೊಳ್ಳುವ ರೂಢಿ ಏಕೆ ಬೆಳೆಯಲಿಲ್ಲ? ಇಂಗ್ಲಿಷಿನ ಮೋಹವೆಂದು ಹೇಳಿ ಕೈತೊಳೆದುಕೊಳ್ಳಬಹುದು; ಆದರೆ ನಮ್ಮ ವ್ಯಾಕರಣದಲ್ಲಿಯೇ ಒಂದು ಅಡ್ಡಿಯಿದೆ. ಇಂಗ್ಲಿಷಿನಲ್ಲಿ ಕರ್ತೃ, ಕಾಲ, ನಿಷೇಧ ಎಲ್ಲವೂ ಬೇರೆಬೇರೆ ಪದಗಳಾಗಿ ಬಿಡಿಬಿಡಿಯಾಗಿ ನಿಂತಿರುವುದರಿಂದ, ಒಂದೊಂದು ಪದವೂ ತನ್ನ ಪ್ರತಿನಿಧಿಯಾಗಿ ಒಂದೊಂದು ಅಕ್ಷರವನ್ನು ಕಳುಹಿಸಿಕೊಡುತ್ತದೆ. ನನಗೆ ಗೊತ್ತಿಲ್ಲ ಎಂಬರ್ಥದ ‘ಐಡಿಕೆ’ಯ ಮೊದಲಕ್ಷರ ನಾನು, ನಡುವಣದು ಇಲ್ಲ, ಕಡೆಯದು ಅರಿವು. ಕನ್ನಡದಲ್ಲಿ ಕ್ರಿಯಾಪದದ ಜೀವ ಬಾಲದಲ್ಲಿದೆ. ಬರುತ್ತೇನೆ, ಬರುತ್ತೀರಿ, ಬರಲಿಲ್ಲ, ಬರಬೇಡ, ಬಂದಾನು, ಬರಲಿ, ಇವೆಲ್ಲಕ್ಕೂ ಮೊದಲಕ್ಷರ ‘ಬ’ಕಾರವೇ, ಹೋಗುವವನೂ ಬರುವವನೂ ಯಾರೆಂದು ಹೇಳುವ ಪ್ರತ್ಯಯವನ್ನು ಕತ್ತರಿಸಿ ಎಸೆದಮೇಲೆ ಉಳಿಯುವುದು ಯಾರಿಗೂ ಸೇರದ ಒಂದು ಧಾತು. ಆದ್ದರಿಂದ ನಮ್ಮ ಸಂಕ್ಷೇಪಗಳು ನಾಮಪದಗಳ ಕೇರಿಯಲ್ಲಿಯೇ ವಾಸಮಾಡಿಕೊಂಡು ಬಂದಿವೆ: ಬಿರುದುಗಳಲ್ಲಿ, ಬಸ್ಸಿನ ಪಕ್ಕೆಯ ಮೇಲಿನ ‘ಕ.ರಾ.ರ.ಸಾ.’ಗಳಲ್ಲಿ, ಕನ್ನಡ ಸಾಹಿತ್ಯ ಪರಿಷತ್ತನ್ನು ‘ಕಸಾಪ’ವೆನ್ನುವುದರಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ಸಾಹಿತಿಗಳ ಹೆಸರುಗಳಲ್ಲಿ. ಅಲ್ಲಂತೂ ಕನ್ನಡವು ಇಂಗ್ಲಿಷಿಗೆ ಎಟುಕದ ಸೊಗಸನ್ನು ಸಾಧಿಸಿತು. ರೋಮನ್ ಲಿಪಿಯ ಆದ್ಯಕ್ಷರ ಸಾಮಾನ್ಯವಾಗಿ ಬರಿಯ ವ್ಯಂಜನ, ನಮ್ಮದು ಸ್ವರಸಹಿತವಾದ ಇಡಿಯ ಅಕ್ಷರವಾದ್ದರಿಂದ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ‘ಕುವೆಂಪು’ ಆದಾಗ, ಅರಕಲಗೂಡು ನರಸಿಂಗರಾವ್ ಕೃಷ್ಣರಾಯರು ‘ಅನಕೃ’ ಆದಾಗ, ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು ‘ತರಾಸು’ ಆದಾಗ ಹುಟ್ಟಿದ್ದು ಕರೆಯಲು ಬರುವ, ವಿಭಕ್ತಿ ಹತ್ತಬಲ್ಲ ಪೂರ್ಣ ಶಬ್ದ. ಸಂಸ್ಕೃತದ ವೈಯಾಕರಣರು ಈ ವಿದ್ಯೆಯ ಪರಮಗುರುಗಳು. ಪಾಣಿನಿಯ ‘ಅಚ್’ ಎಂದರೆ ಸಕಲ ಸ್ವರಗಳು, ‘ಹಲ್’ ಎಂದರೆ ಸಕಲ ವ್ಯಂಜನಗಳು.

ಲೋಕದ ಇತರ ಭಾಷೆಗಳು ಈ ನಗೆಯ ಗುರುತನ್ನು ತಮ್ಮತಮ್ಮ ನೆಲಕ್ಕೆ ಹೊಂದಿಸಿಕೊಂಡ ರೀತಿ ವಿಚಿತ್ರವಾಗಿದೆ. ಫ್ರೆಂಚರು ‘ಎಂಡಿಆರ್’ ಎಂದು, ನಕ್ಕು ಸತ್ತೆ ಎಂಬರ್ಥದಲ್ಲಿ, ಬರೆಯುತ್ತಾರೆ. ಥಾಯ್ ನುಡಿಯಲ್ಲಿ ಐದನೆಯ ಅಂಕೆಯ ಹೆಸರು ‘ಹಾ’ ಎಂದಿರುವುದರಿಂದ ಅಲ್ಲಿಯವರು ‘555’ ಎಂದು ಬರೆದು ನಗುತ್ತಾರೆ. ಜಪಾನೀಯರ ಕಥೆ ಇನ್ನೂ ಬಳಸು ದಾರಿಯದು: ನಗೆಗೆ ಅವರ ಶಬ್ದ ‘ವರಾಯ್’, ಅದರ ರೋಮನ್ ಆದ್ಯಕ್ಷರವಾದ ಡಬ್ಲ್ಯು ಮಾತ್ರ ಉಳಿಯಿತು, ಹೆಚ್ಚು ನಗೆ ಬಂದಾಗ ಅದನ್ನು ಸಾಲಾಗಿ ಬರೆದರೆ ಮೊಳೆತ ಹುಲ್ಲಿನಂತೆ ಕಂಡಿತು, ಆದ್ದರಿಂದ ಈಗ ಹುಲ್ಲು ಎಂಬರ್ಥದ ‘ಕುಸ’ ಎಂಬ ಒಂದು ಲಿಪಿಚಿಹ್ನೆಯನ್ನು ಬರೆದರೆ ನಕ್ಕಂತೆ. ‘88’ ಎಂಬ ಅಂಕೆಯ ಪಾಡನ್ನಂತೂ ಹೇಳತೀರದು. ಹಳೆಯ ತಂತಿಯವರಿಗೂ ರೇಡಿಯೋ ಹವ್ಯಾಸಿಗಳಿಗೂ ಅದು ಪ್ರೀತಿಯ ಮುತ್ತುಗಳು. ಚೀನೀಯರಿಗೆ, ಉಚ್ಚಾರಣೆಯ ಸಾಮ್ಯದಿಂದ, ‘ಬೈ ಬೈ’. ಯೂರೋಪಿನ ನವನಾಜಿಗಳ ಕೂಟದಲ್ಲಿ, ರೋಮನ್ ವರ್ಣಮಾಲೆಯ ಎಂಟನೆಯ ಅಕ್ಷರ ಎರಡು ಬಾರಿ ಬರುವ ಹಿಟ್ಲರನ ಜಯಕಾರ. 1988ರಲ್ಲಿ ಹುಟ್ಟಿದ ನಿರಪರಾಧಿಯೊಬ್ಬನು ಜನ್ಮವರ್ಷವನ್ನು ತನ್ನ ಹೆಸರಿಗೆ ಸೇರಿಸಿಕೊಂಡರೆ, ಈ ಮೂವರಲ್ಲಿ ಯಾರ ಕಣ್ಣಿಗೆ ಬೀಳುತ್ತಾನೆಂಬುದು ಅವನ ಅದೃಷ್ಟ.

ದೊಡ್ಡ ಸಂಸ್ಥೆಗಳೂ ಈ ಅದೃಷ್ಟದಿಂದ ಪಾರಾಗಿಲ್ಲ. ಟೇಕ್ವಾಂಡೋ ಕ್ರೀಡೆಯ ಜಾಗತಿಕ ಒಕ್ಕೂಟದ ಹೆಸರಿನ ಮೂರು ಆದ್ಯಕ್ಷರಗಳು, ಅಂತರ್ಜಾಲದ ಯುಗದಲ್ಲಿ, ಸಭ್ಯರು ಬಿಡಿಸಿ ಹೇಳದ ಒಂದು ಬೈಗುಳದ ಉದ್ಗಾರಕ್ಕೆ ಸರಿಹೊಂದಿದ್ದರಿಂದ, ದಶಕಗಳಿಂದ ಬಳಸಿಕೊಂಡು ಬಂದ ಹೆಸರನ್ನು ಅದು 2017ರಲ್ಲಿ ಬದಲಿಸಿಕೊಂಡು ‘ವರ್ಲ್ಡ್ ಟೇಕ್ವಾಂಡೋ’ ಎಂದಷ್ಟೇ ಉಳಿಯಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪ್ರವಾಸೋದ್ಯಮ ಒಕ್ಕೂಟವೂ 2009ರಲ್ಲಿ ಇದೇ ಸಂಕಟದಿಂದ ತನ್ನ ಹೆಸರಿನ ಪದಗಳನ್ನು ಹಿಂದುಮುಂದು ಮಾಡಿಕೊಂಡಿತು.

ಇಂಥ ಬರವಣಿಗೆಯಿಂದ ಮಕ್ಕಳ ಭಾಷೆ ಹಾಳಾಗುತ್ತದೆಂಬ ಉಪಾಧ್ಯಾಯರ ಭಯದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಇಂಗ್ಲೆಂಡಿನ ಕವೆಂಟ್ರಿ ವಿಶ್ವವಿದ್ಯಾನಿಲಯದ ಬೆವರ್ಲಿ ಪ್ಲೆಸ್ಟರ್ ಮತ್ತು ಕ್ಲೇರ್ ವುಡ್ ಅವರ ಸಂಶೋಧನೆಗಳಲ್ಲಿ, ಸಂದೇಶಗಳಲ್ಲಿ ಸಂಕ್ಷೇಪಗಳನ್ನು ಹೆಚ್ಚಾಗಿ ಬಳಸುತ್ತಿದ್ದ ಮಕ್ಕಳೇ ಓದಿನಲ್ಲಿ ಮುಂದಿದ್ದರು. ‘ಗ್ರೇಟ್’ ಎಂಬುದನ್ನು ಬರೆಯುವಾಗ ಕೊನೆಗೆ ಎಂಟನೆಯ ಅಂಕೆಯನ್ನು ಹಾಕಬೇಕಾದರೆ ಶಬ್ದದ ಧ್ವನಿಯನ್ನು ಒಡೆದು ನೋಡುವ ಬುದ್ಧಿ ಬೇಕಷ್ಟೆ. ಟೊರಾಂಟೋ ನಗರದ ಹದಿಹರೆಯದವರ ಸಂಭಾಷಣೆಗಳನ್ನು ಪರಿಶೀಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದ ಸಾಲಿ ಟಾಗ್ಲಿಯಮಾಂಟೆ ಮತ್ತು ಡೆರೆಕ್ ಡೆನಿಸ್ ಅವರಿಗೆ ಇಂಥ ರೂಪಗಳು ನೂರಕ್ಕೆ ಮೂರರಷ್ಟೂ ಸಿಗಲಿಲ್ಲ. ಗದ್ದಲದ ಪ್ರಮಾಣ ಮಾತ್ರ ಅದಕ್ಕಿಂತ ದೊಡ್ಡದಾಗಿತ್ತು.

ನಿಜವಾದ ತೊಡಕು ಬರುವುದು ತಲೆಮಾರುಗಳ ನಡುವೆ. ‘ಓಕೆ’ ಎಂದರೆ ಒಪ್ಪಿಗೆ. ಅದನ್ನು ‘ಕೆ’ ಎಂಬ ಒಂಟಿ ಅಕ್ಷರಕ್ಕೆ ಇಳಿಸಿದರೆ ಯುವಜನರ ಕಣ್ಣಿಗೆ ಅದು ಮುನಿಸು. ಮುಂದೆ ಪೂರ್ಣವಿರಾಮವನ್ನೂ ಇಟ್ಟರೆ ಬಾಗಿಲು ಬಡಿದುಕೊಂಡು ಹೋದಂತೆ. ನ್ಯೂಯಾರ್ಕ್ ಪ್ರಾಂತದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾನಿಲಯದವರು 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದೇ ಪದದ ಮಾರುತ್ತರವನ್ನು ಪೂರ್ಣವಿರಾಮದೊಡನೆ ಕಂಡ ವಿದ್ಯಾರ್ಥಿಗಳು, ವಿರಾಮವಿಲ್ಲದ ಅದೇ ಉತ್ತರಕ್ಕಿಂತ ಅದರಲ್ಲಿ ಪ್ರಾಮಾಣಿಕತೆ ಕಡಿಮೆಯೆಂದು ಎಣಿಸಿದರು. ಶಾಲೆಯಲ್ಲಿ ಕಲಿತಂತೆ ವಾಕ್ಯದ ಕೊನೆಗೆ ಚುಕ್ಕೆಯಿಟ್ಟ ತಂದೆಯು ಮಗಳ ಕಣ್ಣಿನಲ್ಲಿ ಸಿಟ್ಟುಗಾರನಾಗುತ್ತಾನೆ. ಚುಕ್ಕೆಯಿಡದ ಮಗಳು ತಂದೆಯ ಕಣ್ಣಿನಲ್ಲಿ ಅಶಿಕ್ಷಿತೆಯಾಗುತ್ತಾಳೆ.

ಇಷ್ಟೆಲ್ಲ ಸಂಕ್ಷೇಪಗಳ ಪರವಾಗಿ ಹೇಳಿಯೂ ನನ್ನ ಮನಸ್ಸು ಒಪ್ಪದ ಒಂದು ಇದೆ. ವಾಟ್ಸ್ಯಾಪಿನ ಬಂಧುವರ್ಗದ ಗುಂಪಿನಲ್ಲಿ ಯಾರದೋ ಮರಣವಾರ್ತೆ ಬರುತ್ತದೆ. ಕ್ಷಣಮಾತ್ರದಲ್ಲಿ ಅದರ ಕೆಳಗೆ ‘ಆರ್‌ಐಪಿ’, ‘ಆರ್‌ಐಪಿ’, ‘ಆರ್‌ಐಪಿ’ ಎಂದು ಸಾಲುಗಟ್ಟುತ್ತದೆ. ಶಾಂತಿಯಲ್ಲಿ ವಿಶ್ರಮಿಸಲಿ ಎಂಬರ್ಥದ ಲ್ಯಾಟಿನ್ ಪ್ರಾರ್ಥನೆಯ ಮೂರು ಪದಗಳ ಆದ್ಯಕ್ಷರಗಳು ಅವು. ಇಂಗ್ಲಿಷಿನಲ್ಲಿಯೂ ಅದೃಷ್ಟವಶಾತ್ ಅವೇ ಅಕ್ಷರಗಳು ಹೊಂದಿಕೊಂಡವು. ಗೋರಿಯ ಕಲ್ಲಿನ ಮೇಲೆ ಅವಕ್ಕೆ ಔಚಿತ್ಯವುಂಟು: ಕಲ್ಲು ಕೆತ್ತುವುದು ಕಷ್ಟ, ಸ್ಥಳ ಸ್ವಲ್ಪ, ಮತ್ತು ಓದಬೇಕಾದವನು ದಾರಿಹೋಕ. ಗತಿಸಿದವರನ್ನು ಸುಟ್ಟು ಬೂದಿಯನ್ನು ಹೊಳೆಯಲ್ಲಿ ಬಿಡುವ ಮನೆಗಳಿಗೂ ಅವನ್ನೇ ಕಳುಹಿಸುವುದರ ವಿಪರ್ಯಾಸವನ್ನು ಬದಿಗಿಡೋಣ. ಸಂತಾಪವೆಂಬುದರಲ್ಲಿ ಹೇಳುವ ವಿಷಯ ಅತ್ಯಲ್ಪ. ದುಃಖದಲ್ಲಿರುವವರಿಗಾಗಿ ನಾವು ಸ್ವಲ್ಪ ಹೊತ್ತು ಕಳೆದೆವು, ಸ್ವಲ್ಪ ತಡವರಿಸಿದೆವು, ಮಾತಿಗಾಗಿ ಹುಡುಕಿದೆವು ಎಂಬುದನ್ನು ತೋರಿಸುವುದೇ ಅಲ್ಲಿನ ವಿಷಯ. ಆ ಹೊತ್ತನ್ನು ಉಳಿಸಿದರೆ ಏನೂ ಉಳಿಯದು. ಹುಟ್ಟುಹಬ್ಬಕ್ಕೆ ‘ಎಚ್‌ಬಿಡಿ’ ಎಂದವರನ್ನು ಕ್ಷಮಿಸಬಹುದು; ಮುಂದಿನ ವರ್ಷ ಇನ್ನೊಂದು ಹುಟ್ಟುಹಬ್ಬವಿರುತ್ತದೆ. ಸಾವಿನ ಮನೆಗೆ ನಾಲ್ಕು ಸಾಲು ಪೂರ್ತಿಯಾಗಿ ಬರೆಯಲು ಕೈ ಏಳದಿದ್ದರೆ ಫೋನು ಮಾಡಬಹುದು. ಫೋನಿನಲ್ಲಿ ಮಾತು ಹೊರಡದು ಎನ್ನುವವರು ಹದಿಮೂರನೆಯ ದಿನಕ್ಕೆ ಹೋಗಿ, ಏನೂ ಹೇಳದೆ, ಒಂದು ಪಂಕ್ತಿಯಲ್ಲಿ ಕುಳಿತು ಊಟ ಮಾಡಿ ಬರಬಹುದು.